ಅವನು ನಮ್ಮೋನಾ?

ಹಾಸ್ಟೆಲಿನಲ್ಲಿ ನನ್ನ ಹೆಸರು ಮಧುಗಿರಿ, ನನ್ನ ರೂಮೇಟಿನ ಹೆಸರು ಪಾವಗಡ. ಆಧಾರ್ ಕಾರ್ಡಿನಲ್ಲಿ ಬೇರೆ ಹೆಸರುಗಳಿವೆ. ಆದರೆ ಮೊದಲನೇ ಸೆಮ್‌ನಲ್ಲಿ ಸೀನಿಯರ್‌ಗಳು ಇಟ್ಟ ಈ ಹೆಸರುಗಳೇ ಮೆಸ್ಸಿನ ಅಣ್ಣನವರೆಗೂ ಹೋಗಿ ಅಂಟಿಕೊಂಡವು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ತುಮಕೂರು ಒಂದೇ ಜಿಲ್ಲೆಯಾದರೂ ಶಿಕ್ಷಣ ಇಲಾಖೆಗೆ ಅದು ಎರಡು ಜಿಲ್ಲೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬರುವ ದಿನ ಮಾತ್ರ ನಮ್ಮೂರು ಜಿಲ್ಲಾ ಕೇಂದ್ರ. ಆ ಲೆಕ್ಕದಲ್ಲಿ ನಾವಿಬ್ಬರೂ ಒಂದೇ ಜಿಲ್ಲೆಯ ಹುಡುಗರು. ಬೇರೆ ಯಾವ ಲೆಕ್ಕದಲ್ಲಿ ನಾವು ಒಂದೇ, ಯಾವುದರಲ್ಲಿ ಅಲ್ಲ ಅನ್ನೋದು ಏಳನೇ ಸೆಮ್ ಬರುವವರೆಗೂ ನನ್ನ ತಲೆಗೆ ಬಂದಿರಲಿಲ್ಲ.

ಒಂದು ಬುಧವಾರ ರಾತ್ರಿ ಮೆಸ್ಸಿನಲ್ಲಿ ಚಪಾತಿ ಖಾಲಿಯಾಗಿ ಅನ್ನಕ್ಕೆ ಕ್ಯೂ ನಿಂತಿದ್ದಾಗ ಮೇಲ್ ಬಂತು. ಬ್ಯಾಂಕಾಕ್‌ನಲ್ಲಿ ನಡೆಯುವ ಒಂದು ಸಮ್ಮೇಳನಕ್ಕೆ ನಮ್ಮ ಪೇಪರ್ ಆಯ್ಕೆಯಾಗಿತ್ತು. ಲೇಖಕರು ಇಬ್ಬರು, ಗೈಡ್ ಹೆಸರು ಮೂರನೆಯದು. ತಟ್ಟೆ ಹಿಡಿದುಕೊಂಡೇ ಕುಣಿದೆವು. ಹತ್ತು ನಿಮಿಷ. ಆಮೇಲೆ ರೂಮಿಗೆ ಬಂದು ಲೆಕ್ಕ ಹಾಕಿದೆವು. ಪೇಪರಿನ ನೋಂದಣಿ 18,000. ಇಬ್ಬರ ವಿಮಾನ 44,000. ನಾಲ್ಕು ರಾತ್ರಿ ಒಂದು ರೂಮು 8,000. ಇಬ್ಬರ ಹತ್ತಿರವೂ ಪಾಸ್‌ಪೋರ್ಟ್ ಇರಲಿಲ್ಲ, ಅದಕ್ಕೆ ತಲಾ 1,500. ಊಟ, ಓಡಾಟ 7,000. ಒಟ್ಟು 80,000 ರೂಪಾಯಿ. ಪಾವಗಡ ಕ್ಯಾಲ್ಕುಲೇಟರ್ ಮುಚ್ಚಿಟ್ಟು, ‘ಮಗಾ, ಮೇಲ್ ಬಂದೇ ಇಲ್ಲ ಅಂದ್ಕೊಂಬಿಡೋಣ’ ಅಂದ.

ಪೇಪರ್ ಯಾವುದರ ಬಗ್ಗೆ ಅಂತ ಹೇಳಬೇಕು, ಯಾಕೆಂದರೆ ಮುಂದಿನ ಕತೆಯೆಲ್ಲ ಅದರ ಮೇಲೆ ನಿಂತಿದೆ. ಪಾವಗಡದ ತಿರುಮಣಿ ಕಡೆ ಸುಮಾರು 13,000 ಎಕರೆಯಲ್ಲಿ 2,000 ಮೆಗಾವ್ಯಾಟ್‌ಗೂ ಮೀರಿದ ಸೋಲಾರ್ ಪಾರ್ಕ್ ಇದೆಯಲ್ಲ, ಅಲ್ಲಿ ಜಮೀನು ಮಾರಾಟವಾಗಿಲ್ಲ, ಗುತ್ತಿಗೆಗೆ ಹೋಗಿದೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ. 5 ಹೆಚ್ಚಳ. ಪಾವಗಡನ ಮನೆಯವರದ್ದೂ ಸ್ವಲ್ಪ ಜಮೀನು ಅದರೊಳಗಿದೆ. ಅವನಮ್ಮ ಅದೇ ಪಾರ್ಕಿನಲ್ಲಿ ಪ್ಯಾನೆಲ್‌ಗಳ ಕೆಳಗಿನ ಹುಲ್ಲು ಕೀಳುವ, ಧೂಳು ತೊಳೆಯುವ ಕೆಲಸಕ್ಕೆ ಹೋಗುತ್ತಾರೆ. ನೀರೇ ಇಲ್ಲದ ಸೀಮೆಯಲ್ಲಿ ಗಾಜು ತೊಳೆಯೋಕೆ ನೀರು! ಯಾವ ಸಾಲು ಇವತ್ತು ತೊಳೆಯಬೇಕು, ಯಾವುದನ್ನು ಇನ್ನೊಂದು ವಾರ ಬಿಡಬಹುದು ಅಂತ ಅವನಮ್ಮ ಕಣ್ಣಲ್ಲೇ ಹೇಳುತ್ತಿದ್ದರಂತೆ. ಅಮ್ಮನ ಆ ಕಣ್ಣನ್ನು ಮೊಬೈಲ್ ಕ್ಯಾಮೆರಾಗೆ ಕಲಿಸಬಹುದಾ ಅನ್ನೋದೇ ನಮ್ಮ ಪ್ರಾಜೆಕ್ಟು. ಯೋಚನೆ ಅವನದು, ಫೋಟೋಗಳು ಅವನವು. ಬಿಸಿಲಿನಲ್ಲಿ ರೀಡಿಂಗ್ ತೆಗೆದವನೂ ಅವನೇ. ಕೋಡ್ ಮತ್ತು ಇಂಗ್ಲಿಷ್ ನನ್ನದು. ಪೇಪರಿನಲ್ಲಿ ನನ್ನ ಹೆಸರು ಮೊದಲಿದೆ, ಅಕಾರಾದಿ ಪ್ರಕಾರ. ಆ ಪ್ರಕಾರ ಇಡೋಣ ಅಂದವನು ನಾನು.

ದುಡ್ಡು ಹುಡುಕೋಕೆ ಶುರು ಮಾಡಿದೆವು. ನಮ್ಮಲ್ಲಿ ವಿದ್ಯಾರ್ಥಿವೇತನ ಅಂದರೆ ಎಸ್‌ಎಸ್‌ಪಿ, ಅದು ನಿಮಗೆಲ್ಲ ಗೊತ್ತಿರುವ ಪುರಾಣ. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್, ಕಾಲೇಜಿನ ಇ-ದೃಢೀಕರಣ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ. ಪಾವಗಡನಿಗೆ ಹಿಂದಿನ ವರ್ಷದ ಹಣ ಇನ್ನೂ ಬಂದಿರಲಿಲ್ಲ. ಖಾತೆಗೆ ಆಧಾರ್ ಲಿಂಕ್ ಆಗಿತ್ತು, ಆದರೆ ಎನ್‌ಪಿಸಿಐ ಮ್ಯಾಪಿಂಗ್ ಯಾವುದೋ ಹಳೆಯ ಖಾತೆಗಿತ್ತು. (ಇವೆರಡೂ ಒಂದೇ ಅಂದುಕೊಂಡಿರುವ ಜೂನಿಯರ್‌ಗಳು ಇದನ್ನು ಓದುವುದು ನಿಲ್ಲಿಸಿ ಬ್ಯಾಂಕಿಗೆ ಹೋಗಿ.) ಇನ್ನೊಂದು ತಮಾಷೆ: ಗುತ್ತಿಗೆ ಹಣ ಬ್ಯಾಂಕಿಗೆ ಬರುವುದರಿಂದ ಅವನ ಮನೆಯ ಆದಾಯ ಕಣ್ಣಿಗೆ ಕಾಣುತ್ತದೆ. ನಮ್ಮಪ್ಪನ ಕಡಲೆಕಾಯಿ ದುಡ್ಡು ಜೇಬಿಗೆ ಬಂದು ಜೇಬಿನಿಂದಲೇ ಹೋಗುತ್ತದೆ, ಕಾಗದದ ಮೇಲೆ ಕಾಣುವುದೇ ಇಲ್ಲ. ಹೀಗಾಗಿ ಸರ್ಕಾರದ ಕಡತದಲ್ಲಿ ನಾನು ಅವನಿಗಿಂತ ಬಡವ.

ವಿದೇಶಕ್ಕೆ ಕಳಿಸುವ ಸರ್ಕಾರಿ ಯೋಜನೆಗಳನ್ನೂ ನೋಡಿದೆವು. ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ 1954ರಿಂದ ಇದೆ. ನಮ್ಮ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯದು ಪ್ರಬುದ್ಧ. ಎರಡೂ ಒಳ್ಳೆಯ ಯೋಜನೆಗಳೇ, ಆದರೆ ಅಲ್ಲಿಗೆ ಹೋಗಿ ಡಿಗ್ರಿ ಓದುವವರಿಗೆ. ನಾಲ್ಕು ದಿನ ಹೋಗಿ ಹದಿನೈದು ನಿಮಿಷ ಮಾತಾಡಿ ಬರುವವರಿಗಲ್ಲ.

ಹೀಗೆ ಟ್ರಾವೆಲ್ ಗ್ರಾಂಟ್ ಹುಡುಕುತ್ತಾ ಒಂದು ರಾತ್ರಿ ಎರಡು ಗಂಟೆಗೆ ಸಿಕ್ಕಿದ್ದು ಯಹೂದಿ ವಿದ್ಯಾರ್ಥಿಗಳಿಗೆ ಮಾತ್ರ ಅಂತ ಇರುವ ಸಹಾಯಗಳು. ಓದೋಕೆ, ತಿರುಗೋಕೆ, ಎಲ್ಲಕ್ಕೂ. ಬರ್ತ್‌ರೈಟ್ ಇಸ್ರೇಲ್ ಅಂತ ಒಂದಿದೆ, 1999ರಲ್ಲಿ ಶುರುವಾದದ್ದು. 18ರಿಂದ 26 ವರ್ಷದ ಯಹೂದಿ ಹುಡುಗ ಹುಡುಗಿಯರನ್ನು ಇಸ್ರೇಲಿಗೆ ಪುಕ್ಕಟೆ ಕರೆದುಕೊಂಡು ಹೋಗುತ್ತಾರೆ. ಅಪ್ಪ ಅಮ್ಮರಲ್ಲಿ ಒಬ್ಬರಾದರೂ ಯಹೂದಿಯಾಗಿರಬೇಕು, ಇಲ್ಲ ತಾನೇ ಆ ಧರ್ಮಕ್ಕೆ ಸೇರಿರಬೇಕು. ಪಾವಗಡ ಮಂಚದ ಮೇಲಿಂದಲೇ, ‘ಲೋ, ಇದು ನಮ್ ಜಾತಿ ಸಂಘದ ಥರಾನೇ ಕಣೋ. ಆರ್‌ಡಿ ನಂಬರ್ ಒಂದಿಲ್ಲ ಅಷ್ಟೇ’ ಅಂದ. ಇಬ್ಬರೂ ಪಕ್ಕದ ರೂಮಿನವರು ಗೋಡೆ ಗುದ್ದುವಷ್ಟು ನಕ್ಕೆವು.

ಅದರಲ್ಲೇ ನನ್ನ ತಲೆಯಲ್ಲಿ ಕೂತದ್ದು ಇನ್ನೊಂದು. ನ್ಯೂಯಾರ್ಕಿನ ಹೀಬ್ರೂ ಫ್ರೀ ಲೋನ್ ಸೊಸೈಟಿ. 1892ರಲ್ಲಿ, ಪೂರ್ವ ಯುರೋಪಿನಿಂದ ಬರಿಗೈಯಲ್ಲಿ ಬಂದಿಳಿಯುತ್ತಿದ್ದ ಯಹೂದಿಗಳಿಗಾಗಿ ಅವರವರೇ ಸೇರಿ 95 ಡಾಲರ್ ಒಟ್ಟು ಮಾಡಿ ಶುರು ಮಾಡಿದ್ದು. ದಾನ ಅಲ್ಲ, ಬಡ್ಡಿಯಿಲ್ಲದ ಸಾಲ. ಬಡವನಿಗೆ ಕೊಟ್ಟ ಸಾಲಕ್ಕೆ ಬಡ್ಡಿ ಮುಟ್ಟಬಾರದು ಅಂತ ಅವರ ಧರ್ಮಗ್ರಂಥದಲ್ಲೇ ಇದೆ. ಒಡವೆ ಅಡ ಇಡಬೇಕಿಲ್ಲ, ಜಾಮೀನು ನಿಲ್ಲುವವರು ಇರಬೇಕು. ವಾಪಸ್ ಬಂದ ದುಡ್ಡು ಮುಂದಿನವನಿಗೆ. ಇವತ್ತು ಅದು ಯಹೂದಿಗಳಿಗಷ್ಟೇ ಅಲ್ಲ, ನ್ಯೂಯಾರ್ಕಿನ ಯಾರಿಗೆ ಬೇಕಾದರೂ ಕೊಡುತ್ತದೆ.

ಅದೇ 1892ರಲ್ಲಿ ಇಲ್ಲಿ ಜಮ್‌ಶೆಟ್‌ಜಿ ಟಾಟಾ ವಿದೇಶದಲ್ಲಿ ಓದುವವರಿಗಾಗಿ ಒಂದು ನಿಧಿ ಮಾಡಿದರು. ಅದೂ ಸಾಲವೇ, ದುಡಿಯೋಕೆ ಶುರು ಮಾಡಿದ ಮೇಲೆ ತೀರಿಸಬೇಕು. ಮೊದಲು ಪಾರ್ಸಿಗಳಿಗೆ ಮಾತ್ರ ಇತ್ತು. 1894ರಲ್ಲಿ ಎಲ್ಲ ಭಾರತೀಯರಿಗೂ ತೆರೆದರು. ಎರಡೇ ವರ್ಷ! ಆ ಎರಡು ವರ್ಷದಲ್ಲಿ ಟಾಟಾ ಅವರ ಮನಸ್ಸಿನಲ್ಲಿ ಏನಾಯಿತು ಅಂತ ತಿಳಿದುಕೊಳ್ಳೋ ಆಸೆ ನನಗೆ.

ಈಗ ನನ್ನ ಭಾಗಕ್ಕೆ ಬರುತ್ತೇನೆ.

ಅಪ್ಪನಿಗೆ ಫೋನ್ ಮಾಡಿದಾಗ ಅವರು, ‘ನಮ್ ಸಂಘದೋರ್ನ ಒಂದ್ಮಾತು ಕೇಳಾನ ಬಾ’ ಅಂದರು. ಮುಂದಿನ ಶನಿವಾರ ತುಮಕೂರಿಗೆ ಹೋದೆವು. ಯಾವ ಜಾತಿ, ಯಾವ ಸಂಘ ಅಂತ ಬರೆಯುವುದಿಲ್ಲ, ಅದು ಈ ಕತೆಗೆ ಬೇಕಿಲ್ಲ. ನಿಮ್ಮದನ್ನೇ ಹಾಕಿಕೊಂಡು ಓದಿ. ಕಾರ್ಯದರ್ಶಿಗಳು ನಿವೃತ್ತ ಮೇಷ್ಟ್ರು. ಕುಡಿಯೋಕೆ ಮಜ್ಜಿಗೆ ಕೊಡಿಸಿದರು. ಯಾವ ಊರು, ಯಾರ ಮಗ, ಮಿಡಿಗೇಶಿ ಕಡೆಯವರಾ, ತಾಯಿ ತವರು ಎಲ್ಲಿ, ಕುಲ ಯಾವುದು. ಐದನೇ ಪ್ರಶ್ನೆಗೆ ಅವರೂ ನಮ್ಮಪ್ಪನೂ ದೂರದ ನೆಂಟರಾಗಿಬಿಟ್ಟರು. ಪೇಪರಿನ ಬಗ್ಗೆ ಒಂದೇ ಪ್ರಶ್ನೆ: ‘ಇದ್ರಿಂದ ನೀರು ಉಳಿಯುತ್ತಾ?’ ಉಳಿಯುತ್ತೆ ಅಂದೆ. 25,000 ಕೊಡುತ್ತೇವೆ, ಪ್ರತಿಭಾ ಪುರಸ್ಕಾರದ ದಿನ ಬಂದು ಶಾಲು ಹೊದಿಸಿಕೊಂಡು ಹೋಗು ಅಂದರು.

ಆಮೇಲೆ ಪೇಪರಿನ ಪ್ರಿಂಟ್ ನೋಡುತ್ತಾ ಕನ್ನಡಕ ಮೇಲೆತ್ತಿ, ‘ಇಲ್ಲಿ ಇನ್ನೊಬ್ಬ ಹುಡ್ಗನ ಹೆಸ್ರೈತಲ್ಲ, ಅವನು ನಮ್ಮೋನಾ?’ ಅಂದರು.

‘ಅಲ್ಲ ಸರ್.’

‘ಹಂಗಾದ್ರೆ ಅವ್ನು ಅವರ ಕಡೇಲಿ ಕೇಳ್ಕಳ್ಲಿ ಬುಡು.’

ಕೋಪದಿಂದಲೋ ತಾತ್ಸಾರದಿಂದಲೋ ಹೇಳಿದ್ದಲ್ಲ. ಸಂಘದ ಬೈಲಾ ಹಾಗೆ. ಆ ದುಡ್ಡು ಯಾರೋ ಮೇಷ್ಟ್ರು ಸಂಬಳದಲ್ಲಿ ಉಳಿಸಿ ಕೊಟ್ಟದ್ದು, ಯಾರೋ ತೀರಿಹೋದ ಮಗಳ ಹೆಸರಲ್ಲಿ ದತ್ತಿ ಇಟ್ಟದ್ದು. ನಮ್ಮ ಮಕ್ಕಳು ಓದಲಿ ಅಂತ ಇಟ್ಟದ್ದು. ನೂರು ವರ್ಷದ ಹಿಂದೆ ಊರಿನಿಂದ ಪೇಟೆಗೆ ಓದಲು ಬಂದ ಹುಡುಗನಿಗೆ ಬೇರೆ ಯಾರೂ ಬಾಗಿಲು ತೆಗೆಯದಿದ್ದಾಗ ತೆಗೆದದ್ದು ಇಂಥ ಸಂಘದ ಹಾಸ್ಟೆಲುಗಳೇ. ಅದನ್ನು ಬೈಯುವ ಯೋಗ್ಯತೆ ನನಗಿಲ್ಲ. ನಾನು ಕೈ ಚಾಚಿ ತೆಗೆದುಕೊಂಡವನು. ಆದರೆ ‘ಅಲ್ಲ ಸರ್’ ಅನ್ನುವಾಗ ನನ್ನ ದನಿ ಎಷ್ಟು ಬೇಗ, ಎಷ್ಟು ಸಲೀಸಾಗಿ ಬಂತು ಅನ್ನೋದು ಬಸ್ಸಿನಲ್ಲಿ ಕೂತ ಮೇಲೆ ಕಾಡೋಕೆ ಶುರುವಾಯಿತು.

ಬಸ್ಸಿನಲ್ಲಿ ಅಪ್ಪ ಸುಮ್ಮನಿದ್ದರು. ಕೊರಟಗೆರೆ ದಾಟಿದ ಮೇಲೆ, ‘ನಾನು ಸಿದ್ಧಗಂಗೇಲಿ ಓದ್ದಾಗ ಪಂಕ್ತೀಲಿ ಪಕ್ಕದಾಗೆ ಯಾರು ಕುಂತವ್ನೆ ಅಂತ ಯಾರೂ ಕೇಳ್ತಿರ್ಲಿಲ್ಲ’ ಅಂದರು. 1917ರಲ್ಲಿ ಉದ್ಧಾನ ಶಿವಯೋಗಿಗಳು ಶುರು ಮಾಡಿದ ಆ ಉಚಿತ ಊಟ ವಸತಿ ಶಿವಕುಮಾರ ಸ್ವಾಮಿಗಳ ಕಾಲಕ್ಕೆ ಸಾವಿರಗಟ್ಟಲೆ ಮಕ್ಕಳದ್ದಾಯಿತು. ಎಲ್ಲ ಜಾತಿಯ, ಎಲ್ಲ ಧರ್ಮದ ಮಕ್ಕಳದ್ದು. ಅಪ್ಪ ಅಲ್ಲಿ ಮುದ್ದೆ ತಿಂದು ಹೈಸ್ಕೂಲು ಮುಗಿಸಿದವರು. ಅದಕ್ಕಿಂತ ಹೆಚ್ಚು ಅವರು ಏನೂ ಹೇಳಲಿಲ್ಲ. ನಿದ್ದೆ ಮಾಡಿದರು, ಅಥವಾ ಮಾಡಿದಂತೆ ಇದ್ದರು.

ಆ ಮಂಜೂರಾತಿ ಪತ್ರವನ್ನು ಮೂರು ದಿನ ಬ್ಯಾಗಿನಲ್ಲೇ ಇಟ್ಟುಕೊಂಡಿದ್ದೆ. ಇದನ್ನು ಬರೆಯೋಕೆ ಈಗಲೂ ನಾಚಿಕೆ. ಸಂಘದ 25,000, ಅಪ್ಪ ಕೊಡುವ 15,000. ನಾನೊಬ್ಬನೇ ಹೋಗುವುದಾದರೆ ಹೇಗೋ ಆಗಿಬಿಡುತ್ತಿತ್ತು. ಎಲ್ಲ ಪೇಪರಿಗೂ ಒಬ್ಬರು ಹೋದರೆ ಸಾಕು. ಈ ಲೆಕ್ಕ ನಾನು ಜೋರಾಗಿ ಹೇಳಿರಲಿಲ್ಲ, ಆದರೆ ಹಾಕಿದ್ದೆ. ನಾಲ್ಕನೇ ದಿನ ಸಂಘದ ವಾಟ್ಸಾಪ್ ಗುಂಪಿನಲ್ಲಿ ನನ್ನ ಫೋಟೋ, ಅಭಿನಂದನೆ. ನಮ್ಮ ಚಿಕ್ಕಪ್ಪ ಅದನ್ನು ಸ್ಟೇಟಸ್ ಇಟ್ಟರು. ಚಿಕ್ಕಪ್ಪನ ನಂಬರ್ ಪಾವಗಡನ ಫೋನಿನಲ್ಲೂ ಇದೆ, ಎರಡು ಸಲ ನಮ್ಮೂರ ದಂಡಿನ ಮಾರಮ್ಮನ ಜಾತ್ರೆಗೆ ಬಂದವನು ಅವನು.

ರೂಮಿಗೆ ಹೋದಾಗ ಬಕೆಟ್‌ನಲ್ಲಿ ಬಟ್ಟೆ ನೆನೆಹಾಕುತ್ತಿದ್ದ. ‘ಕಂಗ್ರಾಟ್ಸ್ ಮಗಾ’ ಅಂದ. ತಿರುಗಿ ನೋಡಲಿಲ್ಲ.

‘ನಿಮ್ ಸಂಘದಲ್ಲಿ ಕೇಳಿದ್ರೆ...’ ಅಂತ ಶುರು ಮಾಡಿದೆ.

‘ನಮ್ ಸಂಘಕ್ಕೇ ಯಾರಾದ್ರೂ ಸ್ಕಾಲರ್‌ಶಿಪ್ ಕೊಡ್ಬೇಕು ಕಣೋ. ಹೋಗ್ಬಾ ನೀನು. ಸ್ಲೈಡಲ್ಲಿ ಅಮ್ಮನ ಫೋಟೋ ಹಾಕು, ಅಷ್ಟೇ.’

ಆ ವಾರ ಊರಿಗೆ ಹೋದೆ. ಅಜ್ಜಿ ಪಡಸಾಲೆಯಲ್ಲಿ ಬಿತ್ತನೆಗೆ ಕಡಲೆಕಾಯಿ ಸುಲಿಯುತ್ತಾ ಕೂತಿದ್ದಳು. ನಾನೂ ಸುಲಿಯುತ್ತಾ ಎಲ್ಲ ಹೇಳಿದೆ. ಅಜ್ಜಿಗೆ ಬ್ಯಾಂಕಾಕ್ ಗೊತ್ತಿಲ್ಲ, ಆದರೆ ಲೆಕ್ಕ ಬಲು ಚೆನ್ನಾಗಿ ಗೊತ್ತು. ‘ನಿಮ್ ಕಾಲೇಜಲ್ಲಿ ಮುಯ್ಯಾಳು ಇಲ್ವೇನ್ಲಾ?’ ಅಂದಳು. ಪಟ್ಟಣದವರಿಗೆ: ಮುಯ್ಯಾಳು ಅಂದರೆ ಇವತ್ತು ನಿನ್ನ ಹೊಲದ ಕಳೆಗೆ ನಾನು ಬರುತ್ತೇನೆ, ನಾಳೆ ನನ್ನ ಹೊಲಕ್ಕೆ ನೀನು. ಕೂಲಿ ಇಲ್ಲ. ಮದುವೆಗೆ ಓದಿಸುವ ಮುಯ್ಯಿಯೂ ಹಾಗೇ. ನಮ್ಮ ಮನೆಯ ಟ್ರಂಕಿನಲ್ಲಿ ಅಪ್ಪನ ಮದುವೆಯ ಮುಯ್ಯಿ ಪುಸ್ತಕ ಇನ್ನೂ ಇದೆ, ಯಾರು ಐದು ರೂಪಾಯಿ, ಯಾರು ಒಂದು ಪಂಚೆ. ಅವರ ಮನೆಯಲ್ಲಿ ಮದುವೆಯಾದರೆ ಪುಸ್ತಕ ತೆಗೆದು ನೋಡಿಯೇ ಅಜ್ಜಿ ಹೊರಡುವುದು.

‘ಮುಯ್ಯಾಳ್ಗೆ ಬಂದೋರ್ನೆಲ್ಲ ನೀನ್ಯಾವ ಪೈಕಿ ಅಂತ ಕೇಳ್ತಾ ಕುಂತ್ರೆ ಕಳೆ ಕೀಳೋರ್ಯಾರು?’

ಅಜ್ಜಿಯನ್ನು ಇಲ್ಲಿ ದೊಡ್ಡ ಸಂತಳನ್ನಾಗಿ ಮಾಡುವುದು ಬೇಡ. ಅದೇ ಮುಯ್ಯಾಳಿಗೆ ಬಂದ ಕೆಲವರಿಗೆ ಜಗಲಿಯ ಕೆಳಗೇ ನೀರು ಕೊಟ್ಟವಳೂ ಅವಳೇ, ಅದನ್ನು ನಾನು ನೋಡಿದ್ದೇನೆ. ಆದರೂ ಮಾತು ಮಾತೇ.

ಅಷ್ಟರಲ್ಲಿ ಸಮ್ಮೇಳನದವರಿಂದ ಇನ್ನೊಂದು ಮೇಲ್ ಬಂದಿತ್ತು. ಪಾವಗಡ ಗೈಡ್ ಒತ್ತಾಯಕ್ಕೆ ಹಾಕಿದ್ದ ಟ್ರಾವೆಲ್ ಗ್ರಾಂಟ್ ಅರ್ಜಿ ಓಕೆ ಆಗಿತ್ತು. 300 ಡಾಲರ್, ಸುಮಾರು 25,000 ರೂಪಾಯಿ. ಆದರೆ ಹೋಗಿ ಬಂದು, ಬೋರ್ಡಿಂಗ್ ಪಾಸ್ ಮತ್ತು ಬಿಲ್ಲು ಕಳಿಸಿದ ಮೇಲೆ. ಕಾಲೇಜೂ ನೋಂದಣಿಯ ಅರ್ಧ 9,000 ಕೊಡುತ್ತದೆ, ಅದೂ ಬಂದ ಮೇಲೆ. ಟ್ರಾವೆಲ್ ಗ್ರಾಂಟ್‌ಗಳ ದೊಡ್ಡ ಜೋಕು ಇದೇ. ದುಡ್ಡಿಲ್ಲದವನಿಗೆ ಅಂತ ಇಟ್ಟದ್ದು, ಮೊದಲು ದುಡ್ಡಿದ್ದವನಿಗೆ ಮಾತ್ರ ಸಿಗುತ್ತದೆ. ನಮ್ಮ ಹತ್ತಿರ ಸಂಘದ 25,000, ಅಪ್ಪನ 15,000, ಪಾವಗಡನ ಅಮ್ಮ ಕಳಿಸಿದ 6,000 ಸೇರಿ 46,000 ಇತ್ತು. ಬೇಕಿದ್ದದ್ದು ಇನ್ನು 34,000. ಬಂದ ಮೇಲೆ ಸಿಗುವುದೂ 34,000. ಅಂದರೆ ದುಡ್ಡು ಇತ್ತು, ನಾಲ್ಕು ತಿಂಗಳು ಆ ಕಡೆ ನಿಂತಿತ್ತು.

ಇಲ್ಲಿ ಒಂದು ಅಡ್ಡಮಾತು. ನಮ್ಮ ಕಾಲೇಜಿನಲ್ಲಿ ಸೆಪ್ಟೆಂಬರ್ 15ಕ್ಕೆ ಹಾರ ಹಾಕುತ್ತೇವಲ್ಲ, ಆ ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಒಂದು ಕೊಡಗಿನ ಕುಟುಂಬದ ಮಕ್ಕಳಿಗೆ ಪಾಠ ಹೇಳಿಕೊಂಡಿದ್ದವರು. ಪುಣೆಗೆ ಇಂಜಿನಿಯರಿಂಗ್ ಓದಲು ಹೋದದ್ದು ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಲ್ಲಿ. ಮುಂದೆ ಅವರೇ ದಿವಾನರಾಗಿದ್ದಾಗ, 1918ರಲ್ಲಿ, ಹಿಂದುಳಿದ ಸಮುದಾಯಗಳಿಗೆ ಏನು ಮಾಡಬೇಕು ಅಂತ ನೋಡಲು ಮಿಲ್ಲರ್ ಸಮಿತಿ ನೇಮಕವಾಯಿತು. ಸಮುದಾಯ ನೋಡಿ ಹುದ್ದೆ ಕೊಡುವುದನ್ನು ಅವರು ಒಪ್ಪಲಿಲ್ಲ, ದಿವಾನಗಿರಿ ಬಿಟ್ಟರು. 1913ರಲ್ಲಿ ಅಂಬೇಡ್ಕರ್ ಕೊಲಂಬಿಯಾಕ್ಕೆ ಹೋದದ್ದು ಬರೋಡ ಮಹಾರಾಜರ ತಿಂಗಳಿಗೆ 11.50 ಪೌಂಡ್‌ನಲ್ಲಿ, ಮೂರು ವರ್ಷಕ್ಕೆ. ಅದಕ್ಕೂ ಷರತ್ತಿತ್ತು: ಬಂದು ಹತ್ತು ವರ್ಷ ಬರೋಡದ ಕೆಲಸ ಮಾಡಬೇಕು. ಕೆಲಸಕ್ಕೆ ಅಂತ ಬರೋಡಕ್ಕೆ ಹೋದರೆ, ಇವರ ಜಾತಿ ಕೇಳಿ ಊರಿನಲ್ಲಿ ಇರೋಕೆ ಒಂದು ಕೋಣೆ ಸಿಗಲಿಲ್ಲ. ಕೊಡುವವರು ಷರತ್ತು ಹಾಕುತ್ತಾರೆ, ಶಾಲು ಹೊದಿಸುತ್ತಾರೆ, ಅದು ಇದ್ದದ್ದೇ. ಆದರೆ ಜಾತಿ ನೋಡಿ ಕೊಡಬಾರದು ಅಂತ ಕ್ಯಾಂಟೀನಿನಲ್ಲಿ ಭಾಷಣ ಮಾಡುವ ನಮ್ಮ ಕ್ಲಾಸಿನ ಕೆಲವರಿಗೆ ರೂಮು ಸಿಗುವಾಗ, ಬಾಡಿಗೆ ಮನೆ ಸಿಗುವಾಗ ಜಾತಿ ಅಡ್ಡ ಬಂದೇ ಇಲ್ಲ ಅಂತಲೂ ನನಗೆ ಗೊತ್ತು.

ಭಾನುವಾರ ರಾತ್ರಿ 200 ಪುಟದ ರೂಲ್ಡ್ ನೋಟ್‌ಬುಕ್ ತಂದು ಮೇಲೆ ‘ಮುಯ್ಯಿ’ ಅಂತ ಬರೆದೆ. ಮೊದಲು ಪಾವಗಡನ ಮುಂದಿಟ್ಟೆ. ಅವನು ಒಪ್ಪಲಿಲ್ಲ. ‘ಭಿಕ್ಷೆ ಎತ್ತಿ ಫಾರಿನ್ನಿಗೆ ಹೋಗ್ಬೇಕಾ?’ ಅಂದ. ಭಿಕ್ಷೆ ಅಲ್ಲ, ಸಾಲ, ನಾಲ್ಕು ತಿಂಗಳಿಗೆ ವಾಪಸ್, ಜಾಮೀನು ನಾನು ಅಂದೆ. ಆ ನ್ಯೂಯಾರ್ಕಿನ 95 ಡಾಲರ್ ನೆನಪಿಸಿದೆ. ಬಹಳ ಹೊತ್ತು ಫ್ಯಾನು ನೋಡುತ್ತಾ ಮಲಗಿದ್ದ. ಆಮೇಲೆ ಎದ್ದು, ‘ನನ್ ಹೆಸರೊಂದೇ ಬರೀಬೇಡ, ಇಬ್ರದ್ದೂ ಬರಿ. ಸಾಲ ಪೇಪರ್‌ಗೆ, ನಂಗಲ್ಲ’ ಅಂದ. ನಾನು ಆ ಮೂರು ದಿನದ ಪತ್ರದ ವಿಷಯ ಆಗಲೇ ಹೇಳಿದೆ. ‘ಗೊತ್ತಿತ್ತು ಬಿಡು. ಬ್ಯಾಗಿನ ಆ ಜಿಪ್ಪು ನೀನು ಯಾವತ್ತೂ ಹಾಕಲ್ಲ’ ಅಂದ.

ಹತ್ತು ದಿನದಲ್ಲಿ 58 ಹೆಸರು. ನೂರು, ಇನ್ನೂರು, ಐನೂರು. ಕೊಟ್ಟವರ ಮುಂದೆ ಹೆಸರು, ಮೊತ್ತ, ತಾರೀಕು, ಅಷ್ಟೇ ಕಾಲಮ್ಮು. ಜೆರಾಕ್ಸ್ ಅಂಗಡಿಯ ಅಂಕಲ್ 2,000 ಕೊಟ್ಟು, ‘ನಾಲ್ಕು ವರ್ಷ ನಿಮ್ ರೆಕಾರ್ಡ್ ಜೆರಾಕ್ಸಿಂದ ಬಂದಿದ್ದೇ ಇದು’ ಅಂದರು. ಗೈಡ್ 5,000. ಪ್ಲೇಸ್‌ಮೆಂಟ್ ಆಗಿದ್ದ ಒಬ್ಬ ನಾಳೆ ನಾಳೆ ಅಂತ ಹತ್ತು ದಿನ ತಪ್ಪಿಸಿಕೊಂಡ, ಅವನ ಹೆಸರು ಪುಸ್ತಕದಲ್ಲಿಲ್ಲ, ಇಲ್ಲೂ ಬರೆಯುವುದಿಲ್ಲ. ಒಟ್ಟು 34,200 ಆಯಿತು. ಸಂಘದ ಕಾರ್ಯದರ್ಶಿಗಳಿಗೆ ಫೋನ್ ಮಾಡಿ, ನೀವು ಕೊಟ್ಟದ್ದರಲ್ಲಿ 18,000 ಪೇಪರಿನ ನೋಂದಣಿಗೆ ಕಟ್ಟುತ್ತೇನೆ, ರಸೀದಿಯಲ್ಲಿ ಇಬ್ಬರ ಹೆಸರೂ ಇರುತ್ತದೆ ಅಂತ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ‘ಇರ್ಲಿ. ಬಂದ್ಮೇಲೆ ಆ ಹುಡ್ಗನ್ನೂ ಕರ್ಕಂಡ್ಬಾ, ನೋಡ್ತೀನಿ’ ಅಂದರು.

ಬ್ಯಾಂಕಾಕ್ ಬಗ್ಗೆ ಬರೆಯೋಕೆ ಹೆಚ್ಚೇನಿಲ್ಲ. ಪುಣ್ಯಕ್ಕೆ ವೀಸಾ ಬೇಕಿರಲಿಲ್ಲ. ಮಾತಾಡಿದ್ದು ಪಾವಗಡ. ಮನೆಯಲ್ಲಿ ತೆಲುಗು, ಹಾಸ್ಟೆಲಿನಲ್ಲಿ ಕನ್ನಡ, ಅಲ್ಲಿ ಇಂಗ್ಲಿಷು. ಹದಿನೈದು ನಿಮಿಷದಲ್ಲಿ ನಾಲ್ಕು ಸಲ ‘ಆಕ್ಚುಲಿ’ ಅಂದ. ಅಮ್ಮನ ಫೋಟೋ ಮೂರನೇ ಸ್ಲೈಡು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಪ್ಯಾನೆಲ್ ಮೇಲೆ ಬೆರಳಲ್ಲಿ ಗೆರೆ ಎಳೆಯುತ್ತಿರುವುದು. ಪ್ರಶ್ನೆ ಕೇಳಿದ ಒಬ್ಬ ಪ್ರೊಫೆಸರ್ ಕೋಡ್ ಬಿಟ್ಟು ಆ ಬೆರಳಿನ ಬಗ್ಗೆಯೇ ಕೇಳಿದರು. ನಾಲ್ಕೂ ದಿನ ಅನ್ನ ಸಿಕ್ಕಿತು, ಸಾರು ಸಿಗಲಿಲ್ಲ.

ರಿಇಂಬರ್ಸ್‌ಮೆಂಟ್ ಬರೋಕೆ ನಾಲ್ಕಲ್ಲ, ಐದು ತಿಂಗಳಾಯಿತು. ಬ್ಯಾಂಕಿನವರು ಏನೇನೋ ಶುಲ್ಕ ಹಿಡಿದು ಒಟ್ಟು 32,900 ಕೈಗೆ ಬಂತು. 1,300 ಕಡಿಮೆ. 58 ಜನರಲ್ಲಿ ಮೂವರು ವಾಪಸ್ ತೆಗೆದುಕೊಳ್ಳಲಿಲ್ಲ, ‘ಪುಸ್ತಕದಲ್ಲೇ ಇರಲಿ’ ಅಂದರು. ಅವರದು ಸೇರಿದರೆ 1,500. ಹಾಗಾಗಿ ಎಲ್ಲರದ್ದೂ ತೀರಿ 200 ರೂಪಾಯಿ ಉಳಿಯಿತು. ಕಾರ್ಯದರ್ಶಿಗಳ ಹತ್ತಿರ ಪಾವಗಡನನ್ನು ಕರೆದುಕೊಂಡು ಹೋಗಿದ್ದೆ. ಅವನಿಗೂ ಮಜ್ಜಿಗೆ ಕೊಡಿಸಿದರು. ಯಾವ ಊರು, ಯಾರ ಮಗ ಅಂತ ಕೇಳಿದರು. ಕುಲ ಕೇಳಲಿಲ್ಲ. ಬೈಲಾ ಮಾತ್ರ ಹಾಗೇ ಇದೆ.

ಆ ಪುಸ್ತಕ ಈಗ ನಮ್ಮ ರೂಮಿನ ಟ್ಯೂಬ್‌ಲೈಟ್ ಪಟ್ಟಿಯ ಮೇಲೆ ಇದೆ. ಎಂಟನೇ ಪುಟದಲ್ಲಿ ಹೊಸ ಹೆಸರು ಬಿದ್ದಿದೆ: ಶಿರಾದ ಒಬ್ಬ ಎರಡನೇ ವರ್ಷದ ಹುಡುಗಿ, ಗುವಾಹಟಿಗೆ ರೈಲು, 6,400 ಬೇಕು. ಇಲ್ಲಿಯವರೆಗೆ 3,150 ಆಗಿದೆ. ಜೂನ್‌ನಲ್ಲಿ ನಾವಿಬ್ಬರೂ ರೂಮು ಖಾಲಿ ಮಾಡುತ್ತೇವೆ, ಅಷ್ಟರೊಳಗೆ ಪುಸ್ತಕ ಯಾರ ಕೈಗೆ ಅಂತ ತೀರ್ಮಾನವಾಗಬೇಕು. ಬರೆದುಕೊಳ್ಳುವವರು ಪೆನ್ನು ತನ್ನಿ, ದಾರ ಕಟ್ಟಿಟ್ಟಿದ್ದನ್ನು ಯಾರೋ ಕಿತ್ತುಕೊಂಡು ಹೋಗಿದ್ದಾರೆ.